ಪದಚರ್ಚೆ: ಆಲ್ಫಾರ್ಡ್ ಸಿರಿಯಸ್‌ಗೆ ಮಾವನೋ, ಚಿಕ್ಕಪ್ಪನೋ?

ಎಲ್ಲರಿಗೂ ನಮಸ್ಕಾರ. ಹ್ಯಾರಿ ಪಾಟರ್ ಕತೆಯ ಬ್ಲ್ಯಾಕ್ ಮನೆತನದ ವಂಶವೃಕ್ಷವನ್ನು ಕನ್ನಡದಲ್ಲಿ ಬರೆದುಕೊಡು ಎಂದು ಅಕ್ಕನ ಮಗಳು ದುಂಬಾಲು ಬಿದ್ದಿದ್ದಾಳೆ. ಮಂತ್ರವಾದಿಗಳ ಮನೆಯಾದರೇನು, ಯಾರು ಯಾರಿಗೆ ಏನಾಗಬೇಕು ಎನ್ನುವುದು ಸರಿಯಿರಬೇಕಲ್ಲ. ಅಲ್ಲೇ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ತೊಡಕು ಆಲ್ಫಾರ್ಡ್ ಬ್ಲ್ಯಾಕ್‌ನದು. 2003ರಲ್ಲಿ ಬಂದ ಐದನೆಯ ಪುಸ್ತಕದಲ್ಲಿ ಅವನ ಪಾಲಿಗೆ ದಕ್ಕಿದ್ದು ಒಂದೆರಡು ಸಾಲು ಅಷ್ಟೆ. ಆ ಮನೆಯ ಮಗ ಸಿರಿಯಸ್ ಹದಿನಾರರ ಸುಮಾರಿಗೆ ಮನೆ ಬಿಟ್ಟು ಗೆಳೆಯನ ಮನೆ ಸೇರುತ್ತಾನೆ, ಹದಿನೇಳಕ್ಕೆ ಸ್ವಂತ ಬಿಡಾರ ಹೂಡುತ್ತಾನೆ. ಅದಕ್ಕೆ ಆಸರೆಯಾದದ್ದು ಅಂಕಲ್ ಆಲ್ಫಾರ್ಡ್ ಬಿಟ್ಟುಹೋದ ಚಿನ್ನ. ಮನೆಯ ಗೋಡೆಗೆ ತೂಗುಹಾಕಿದ ಹಳೇ ಬಟ್ಟೆಯ ಮೇಲೆ ಚಿನ್ನದ ದಾರದಲ್ಲಿ ವಂಶಾವಳಿ ಹೆಣೆದಿದ್ದಾರೆ. ಅದರಲ್ಲಿ ಆಲ್ಫಾರ್ಡ್ ಇರಬೇಕಾದಲ್ಲಿ ಸುಟ್ಟು ಕರಿಕಾದ ತೂತು. ತನಗೆ ಆಸ್ತಿ ಕೊಟ್ಟದ್ದಕ್ಕೇ ಹೀಗಾಗಿರಬೇಕು ಎಂದು ಸಿರಿಯಸ್‌ನ ಊಹೆ.

'ಅಂಕಲ್' ಎಂದೇ ಬಿಟ್ಟರೆ ಕೆಲಸ ಸುಲಭ. ಆದರೆ ನಮ್ಮಲ್ಲಿ ಅಂಕಲ್ ಎಂದರೆ ಕೆಳಗಿನ ಮಹಡಿಯವರು, ಸ್ಕೂಲ್ ವ್ಯಾನ್ ಓಡಿಸುವವರು, ದಾರಿ ಕೇಳಲು ಸಿಕ್ಕ ಯಾರೋ ಒಬ್ಬರು. ರಕ್ತಸಂಬಂಧವೇ ಸರ್ವಸ್ವ ಎನ್ನುವ ಮನೆತನದೊಳಗೆ ಆ ಪದ ತೀರಾ ಪೊಳ್ಳು.

ಸರಿ, ನೆಂಟಸ್ತಿಕೆ ಬಿಡಿಸೋಣ ಎಂದು ಕೂತೆ. 2006ರಲ್ಲಿ ಲೇಖಕಿ ರೌಲಿಂಗ್ ಅವರು ಬುಕ್ ಏಡ್ ಇಂಟರ್‌ನ್ಯಾಷನಲ್ ಸಂಸ್ಥೆಯ ನೆರವಿಗಾಗಿ ಈ ವಂಶವೃಕ್ಷವನ್ನು ಕೈಯಾರೆ ಬರೆದು ಹರಾಜಿಗೆ ಕೊಟ್ಟಿದ್ದರು. ಅದರ ಪ್ರಕಾರ ಫಿನಿಯಾಸ್ ನೈಜೆಲ್ಲಸ್‌ನ (1847–1925) ಗಂಡುಮಕ್ಕಳಲ್ಲಿ ಒಬ್ಬ ಸಿರಿಯಸ್ (ನಮ್ಮ ಸಿರಿಯಸ್‌ನ ಮುತ್ತಜ್ಜ, ಹೆಸರು ಅದೇ), ಇನ್ನೊಬ್ಬ ಸಿಗ್ನಸ್. ಸಿರಿಯಸ್‌ನ ಮಗ ಆರ್ಕ್ಟುರಸ್, ಅವನ ಮಗ ಓರಿಯನ್. ಅತ್ತ ಸಿಗ್ನಸ್‌ನ ಮಗ ಪೊಲಕ್ಸ್. ಪೊಲಕ್ಸ್‌ನ ಮಕ್ಕಳು ವಾಲ್‌ಬರ್ಗಾ, ಆಲ್ಫಾರ್ಡ್ ಮತ್ತು ಇನ್ನೊಬ್ಬ ಸಿಗ್ನಸ್. (ಪೊಲಕ್ಸ್ ಹುಟ್ಟಿದ್ದು 1912, ಮಗಳು ಹುಟ್ಟಿದ್ದು 1925. ಲೆಕ್ಕ ನೀವೇ ಹಾಕಿ. ರೌಲಿಂಗ್ ಅವರಿಗೂ ಗಣಿತಕ್ಕೂ ಅಷ್ಟಕ್ಕಷ್ಟೆ.) ಓರಿಯನ್ ಮದುವೆಯಾದದ್ದು ಇದೇ ವಾಲ್‌ಬರ್ಗಾಳನ್ನು. ಅವರ ಮಗನೇ ಕತೆಯ ಸಿರಿಯಸ್.

ಇಂಗ್ಲಿಷಿನವರು ಎರಡನೇ ಸುತ್ತಿನ ಕಸಿನ್ ಎಂದು ಹೇಳಿ ಮುಂದೆ ಹೋಗುತ್ತಾರೆ. ನಾವು ಹೋಗುವಂತಿಲ್ಲ. ಇವರು ಅಣ್ಣತಮ್ಮಂದಿರ ಗಂಡುಸಂತಾನದ ಸಾಲಿನವರು, ಅಂದರೆ ದಾಯಾದಿಗಳು. 1925ರ ವಾಲ್‌ಬರ್ಗಾ, 1929ರ ಓರಿಯನ್. ಕನ್ನಡದಲ್ಲಿ ವರಸೆ ಹಿಡಿದರೆ ಅಕ್ಕ, ತಮ್ಮ! ಒಂದೇ ಗೋತ್ರ, ಒಂದೇ ಬೆಡಗು. ಸೋದರಮಾವನ ಮಗಳನ್ನು ತರುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಆದರೆ ಈ ಸಂಬಂಧವನ್ನು ಯಾವ ಹಿರಿಯರೂ ಒಪ್ಪಿಯಾರೆ? ನಮ್ಮ ಸಂಬಂಧವಾಚಕಗಳು ಇಂಥ ಮದುವೆ ಆಗುವುದೇ ಇಲ್ಲ ಎಂದು ನಂಬಿಕೊಂಡು ಹುಟ್ಟಿದವು.

ಹಾಗಾಗಿ ತಾಯಿಯ ಕಡೆಯಿಂದ ಆಲ್ಫಾರ್ಡ್ ಸೋದರಮಾವ, ತಂದೆಯ ಕಡೆಯಿಂದ ಚಿಕ್ಕಪ್ಪ. ಅಥವಾ ದೊಡ್ಡಪ್ಪ. ಅದನ್ನೂ ತೀರ್ಮಾನಿಸುವಂತಿಲ್ಲ, ಏಕೆಂದರೆ ಬಟ್ಟೆಯ ಮೇಲೆ ಹೆಸರು ಸುಟ್ಟುಹೋದವರಿಗೆ ರೌಲಿಂಗ್ ಅವರ ಆ ಪಟದಲ್ಲಿ ಹುಟ್ಟಿದ ವರ್ಷವೇ ಇಲ್ಲ. ವಾಲ್‌ಬರ್ಗಾಳ ನಂತರ, 1938ರ ಸಿಗ್ನಸ್‌ಗಿಂತ ಮೊದಲು ಎಂದಷ್ಟೇ ಸಾಲಿನಿಂದ ತಿಳಿಯುತ್ತದೆ. ಓರಿಯನ್‌ಗಿಂತ ದೊಡ್ಡವನೋ ಚಿಕ್ಕವನೋ ಗೊತ್ತಾಗದೆ ಕನ್ನಡಿಗರು ಬಾಯಿ ತೆರೆಯುವ ಹಾಗಿಲ್ಲ. ಬೆಲಾಟ್ರಿಕ್ಸ್‌ಗೆ ಮಾತ್ರ ಈ ಗೋಜಿಲ್ಲ: ಅವಳಪ್ಪ ಸಿಗ್ನಸ್, ಆಲ್ಫಾರ್ಡ್ ಅವಳಿಗೆ ದೊಡ್ಡಪ್ಪ. ಇದೇ ಲೆಕ್ಕದಲ್ಲಿ ಬೆಲಾಟ್ರಿಕ್ಸ್ ಸಿರಿಯಸ್‌ಗೆ ಮಾವನ ಮಗಳು, ಅಂದರೆ ಹೆಣ್ಣು ಕೇಳಬಹುದಾದ ಸಂಬಂಧ. ಅಪ್ಪನ ಕಡೆಯಿಂದ ನೋಡಿದರೆ ಅಕ್ಕ. ಕತೆಯಲ್ಲಿ ಅವಳು ಅವನಿಗೆ ಮಾಡಿದ್ದು ನೆನೆದರೆ ಯಾವುದೂ ಬೇಡ ಅನ್ನಿಸುತ್ತದೆ.

ನನ್ನ ಒಲವು 'ಸೋದರಮಾವ' ಎಂಬುದಕ್ಕೆ. ವಯಸ್ಸಿನ ತಕರಾರು ತಪ್ಪುತ್ತದೆ ಎನ್ನುವುದು ಸಣ್ಣ ಕಾರಣ. ದೊಡ್ಡ ಕಾರಣ ಅವನ ನಡತೆ. ಕಿವಿ ಚುಚ್ಚುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನು ಮಾವ, ಅಪ್ಪನ ಹತ್ತಿರ ಕೇಳಲಾಗದ್ದನ್ನು ಕೇಳಲು ಇರುವವನು ಮಾವ. ಮನೆಯಿಂದ ಹೊರಬಿದ್ದ ಹುಡುಗನ ಹೆಸರಿಗೆ ಚಿನ್ನ ಬರೆದಿಟ್ಟವನನ್ನು ಚಿಕ್ಕಪ್ಪ ಎಂದರೆ ದಾಯಾದಿಯ ವಾಸನೆ ಹೊಡೆಯುತ್ತದೆ.

ಇದಕ್ಕೊಂದು ಎದುರುವಾದವೂ ಹೊಳೆದಿದೆ. ತುಳುನಾಡಿನ ಅಳಿಯಕಟ್ಟಿನಲ್ಲಿ ಮಾವನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುವುದೇ ಕ್ರಮವಾಗಿತ್ತು. ಅಲ್ಲಿಯವರು ಓದಿದರೆ, ಅಳಿಯನಿಗೆ ಕೊಟ್ಟದ್ದರಲ್ಲಿ ತಪ್ಪೇನು, ತೂತು ಏಕೆ ಬಿತ್ತು ಎಂದು ಕೇಳಬಹುದು. ಅಲ್ಲಿ ಬಳಿ (ನಮ್ಮ ಬೆಡಗಿನಂಥ ಕುಲದ ಕವಲು) ತಾಯಿಯಿಂದ ಬರುವುದರಿಂದ ಓರಿಯನ್ ಮತ್ತು ವಾಲ್‌ಬರ್ಗಾ ಬೇರೆ ಬೇರೆ ಬಳಿಯವರೂ ಆಗುತ್ತಾರೆ. ಒಬ್ಬನ ತಾಯಿ ಮ್ಯಾಕ್‌ಮಿಲನ್ ಮನೆಯವಳು, ಇನ್ನೊಬ್ಬಳ ತಾಯಿ ಕ್ರ್ಯಾಬ್ ಮನೆಯವಳು.

ಹೆಸರುಗಳ ವಿಚಾರ ಬೇಗ ಮುಗಿಸುತ್ತೇನೆ. ಇವು ನಕ್ಷತ್ರಗಳ ಹೆಸರು, ಕನ್ನಡಕ್ಕೆ ತಿರುಗಿಸಬಾರದೇಕೆ ಎಂದು ಸ್ನೇಹಿತರೊಬ್ಬರು ಕೇಳಿದರು. ಸಿರಿಯಸ್ ಲುಬ್ಧಕನಾಗುತ್ತಾನೆ, ಒಪ್ಪೋಣ. ಆರ್ಕ್ಟುರಸ್ ಅಜ್ಜ ಸ್ವಾತಿಯಾಗುತ್ತಾನಲ್ಲ! ಆಲ್ಫಾರ್ಡ್ ಎಂಬುದು ಅರಬ್ಬಿ ಮೂಲದ್ದು, ಅರ್ಥ ಒಂಟಿ. ಸುತ್ತ ಹೊಳೆಯುವ ನಕ್ಷತ್ರಗಳಿಲ್ಲದ ಕಡೆ ಅದಿದೆ. ಮೂಲದ ಹೆಸರೇ ಇರಲಿ.

ಇನ್ನು ಆ ತೂತು. 'ವಂಶದಿಂದ ಅಳಿಸಿಹಾಕಿದರು' ಎಂದು ಬರೆದೆ, ಸಪ್ಪೆಯಾಯಿತು. 'ಘಟಶ್ರಾದ್ಧ ಮಾಡಿದರು' ಎಂದರೆ ಅದು ಒಂದು ಜಾತಿಯ ಕ್ರಿಯಾವಿಧಿ, ಈ ಮನೆಗೆ ಹೊಂದದು. ಸದ್ಯಕ್ಕೆ 'ಎಳ್ಳುನೀರು ಬಿಟ್ಟರು' ಎಂದು ಇಟ್ಟಿದ್ದೇನೆ. ಇದಕ್ಕಿಂತ ಖಾರವಾದದ್ದು ನಿಮ್ಮ ಕಡೆಯ ಮಾತಿನಲ್ಲಿದ್ದರೆ ಕೊಡಿ.

ಮುಖ್ಯವಾಗಿ ಕೇಳಬೇಕಾದದ್ದು ಇದು. ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳ ನಡುವೆ ಮದುವೆಗೆ ಅಡ್ಡಿಯಿಲ್ಲದ ಮುಸ್ಲಿಂ ಮನೆಗಳು ನಮ್ಮ ನಡುವೆಯೇ ಇವೆ. ಅಲ್ಲಿ ಅಮ್ಮನ ತಮ್ಮ ಅಪ್ಪನಿಗೂ ತಮ್ಮನ ಸಾಲಿನವನೇ ಆದಾಗ ಮಕ್ಕಳು ಮಾಮು ಎನ್ನುತ್ತಾರೋ, ಚಾಚಾ ಎನ್ನುತ್ತಾರೋ? ಅಮ್ಮನ ಕಡೆಯ ಹೆಸರು ಗೆಲ್ಲುತ್ತದೆಯೋ, ಮನೆಯಿಂದ ಮನೆಗೆ ಬದಲಾಗುತ್ತದೆಯೋ? ಮನೆಯಲ್ಲಿ ಕೇಳಿ ಬಲ್ಲವರು ಬರೆದರೆ ಆಲ್ಫಾರ್ಡ್‌ನ ಹೆಸರಿನ ಮುಂದೆ ಏನು ಹಾಕಬೇಕೆಂದು ಗಟ್ಟಿಮಾಡುತ್ತೇನೆ.