ಸೊಂಟ ನೋವಿಗೆ ಕೈರೊಪ್ರಾಕ್ಟಿಕ್: ಮೂರು ತಿಂಗಳ ಪ್ಯಾಕೇಜ್ ತಗೊಳ್ಳಬೇಕಾ?

ಬದಿಯಡ್ಕದವ:
ನಮ್ಮ ಮಾವ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವಾಗ ಬ್ಯಾರೆಲ್ ಎಳೆದದ್ದು, ಆವತ್ತು ಹಿಡಿದ ಸೊಂಟ ಇನ್ನೂ ಬಿಟ್ಟಿಲ್ಲ. ಕಳರಿ (ಕೇರಳದ ಸಮರಕಲೆ) ಕಲಿಸುವ ಗುರುಕ್ಕಳ ಹತ್ತಿರ ಎಣ್ಣೆ ಹಾಕಿ ಉಜ್ಜಿಸಿದೆವು, ಸ್ವಲ್ಪ ಹಗುರ ಆಯಿತು. ಅಷ್ಟರಲ್ಲಿ ಮಾವನ ಮಗ ಮೊಬೈಲಿನಲ್ಲಿ ಆ 'ಟಕ್' ಅಂತ ಸದ್ದು ಬರುವ ವಿಡಿಯೊಗಳನ್ನು ನೋಡಿ ಮಂಗಳೂರಿನ ಒಂದು ಕೈರೊಪ್ರಾಕ್ಟಿಕ್ (ಕೈಯಿಂದ ಬೆನ್ನುಮೂಳೆ ಒತ್ತಿ ಮಾಡುವ ಚಿಕಿತ್ಸೆ) ಸೆಂಟರಿಗೆ ಕರೆದುಕೊಂಡು ಹೋದ. ಅಲ್ಲಿ ಎಕ್ಸ್‌ರೇ ಮೇಲೆ ಗೆರೆ ಎಳೆದು, ಇಲ್ಲಿ ಮೂಳೆ ಜಾಗ ಬಿಟ್ಟಿದೆ, ನರಕ್ಕೆ ತಡೆ ಆಗಿದೆ, ನಿಮ್ಮ ಗ್ಯಾಸ್, ಬಿಪಿ, ನಿದ್ದೆ ಬಾರದ್ದು ಎಲ್ಲ ಇದರಿಂದಲೇ ಅಂದರಂತೆ. ಮೂರು ತಿಂಗಳ ಪ್ಯಾಕೇಜ್, ದುಡ್ಡು ಮುಂಗಡ. ಅತ್ತೆಯನ್ನೂ ಒಮ್ಮೆ ತೋರಿಸಿ ಅಂತ ಬೇರೆ ಹೇಳಿದ್ದಾರೆ, ಅವರಿಗೆ ನೋವೇ ಇಲ್ಲ! ಇದು ವಿಜ್ಞಾನವಾ, ವ್ಯಾಪಾರವಾ? ಗೊತ್ತಿದ್ದವರು ಹೇಳಿ.

ಉಪ್ಪಳ ಫಿಸಿಯೊ:
ಸೊಂಟ ನೋವು ಒಂದು, ಗ್ಯಾಸ್ ಬಿಪಿ ಇನ್ನೊಂದು, ಎರಡನ್ನೂ ಬೇರೆ ಮಾಡಿ ನೋಡಿ. ಸೊಂಟ ನೋವಿಗೆ ಕೈಯಿಂದ ಬೆನ್ನುಮೂಳೆ ಒತ್ತಿ ಸರಿಮಾಡುವುದು ಬರೀ ಸುಳ್ಳಲ್ಲ. ಅಮೆರಿಕದ ವೈದ್ಯರ ಸಂಘವೊಂದು, ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್, 2017ರಲ್ಲಿ ಕೊಟ್ಟ ಸಲಹೆಯಲ್ಲಿ ಮಾತ್ರೆಗಿಂತ ಮೊದಲು ನೋಡಬಹುದಾದದ್ದರಲ್ಲಿ ಬಿಸಿ ಶಾಖ, ಮಸಾಜ್ ಜೊತೆಗೆ ಇದೂ ಉಂಟು. ಆದರೆ ಸಿಗುವ ಉಪಶಮನ ಸಣ್ಣದು, ಹೊಸದಾಗಿ ಬಂದ ಸೊಂಟ ನೋವು ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ. ಗ್ಯಾಸ್, ಬಿಪಿ ಇದರಿಂದ ಗುಣ ಆಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಮಾವ ಬಿಪಿ ಮಾತ್ರೆ ಮಾತ್ರ ನಿಲ್ಲಿಸಬಾರದು.

ಇನ್ನು ಆ 'ಟಕ್'. ಅದು ಜಾರಿದ ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಸಂದಿಯ ಒಳಗಿನ ದ್ರವದಲ್ಲಿ ಗಾಳಿಗುಳ್ಳೆ ಆಗುವಾಗ ಬರುವುದು, ಬೆರಳು ಲಟಿಗೆ ತೆಗೆದಾಗ ಬರುತ್ತದಲ್ವಾ, ಅದೇ. ಸದ್ದು ಬಂತು ಅಂತ ಕೆಲಸ ಆಯಿತು ಅಂತ ಅಲ್ಲ. ಎಕ್ಸ್‌ರೇಯಲ್ಲಿ ಕಾಣುವ ಸಣ್ಣ ವಾಲುವಿಕೆ ಒಂದು ಚೂರೂ ನೋವಿಲ್ಲದವರಲ್ಲೂ ಬೇಕಾದಷ್ಟು ಇರುತ್ತದೆ.

ಅಯೋವಾ ರಿಟರ್ನ್:
ನಾನು ಕೆಲಸಕ್ಕಿದ್ದದ್ದು ಈ ಕೈರೊಪ್ರಾಕ್ಟಿಕ್ ಹುಟ್ಟಿದ ಊರಿನ ಹತ್ತಿರ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್. 1895ರಲ್ಲಿ ಡಿ.ಡಿ. ಪಾಮರ್ ಅನ್ನುವವರು, ಅಯಸ್ಕಾಂತ ಚಿಕಿತ್ಸೆ ಅಂತ ಮಾಡುತ್ತಿದ್ದವರು, ಕಿವಿ ಕೇಳದ ಹಾರ್ವಿ ಲಿಲ್ಲಾರ್ಡ್ ಅನ್ನುವ ಕೆಲಸಗಾರನ ಬೆನ್ನು ಒತ್ತಿದರು, ಕಿವಿ ಕೇಳಿತು ಅಂತ ಕಥೆ. ಕೇಳುವ ನರ ಬೆನ್ನುಮೂಳೆಯಲ್ಲಿ ಹೋಗುವುದೇ ಇಲ್ಲ, ಕಿವಿಯಿಂದ ತಲೆಬುರುಡೆಯ ಒಳಗೇ ಮಿದುಳಿಗೆ! ಆದರೂ ಅವರು ಇದರ ಮೇಲೆ ಒಂದು ತತ್ವವನ್ನೇ ಕಟ್ಟಿದರು: ದೇಹಕ್ಕೆ ಹುಟ್ಟಿನಿಂದ ಬಂದ ಒಂದು ಬುದ್ಧಿಶಕ್ತಿ ಉಂಟು, ಅದು ನರದಲ್ಲಿ ಹರಿಯುತ್ತದೆ, ಮೂಳೆ ಸರಿದರೆ ಅದಕ್ಕೆ ತಡೆ, ತಡೆಯಿಂದ ರೋಗ. ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದ್ದಕ್ಕೆ 1906ರಲ್ಲಿ ಜೈಲಿಗೂ ಹೋಗಿ ಬಂದರು.

ಅಲ್ಲಿಂದ ಇವತ್ತಿನವರೆಗೂ ಕೈರೊಪ್ರಾಕ್ಟಿಕ್ ಮಾಡುವವರೊಳಗೇ ಎರಡು ಪಂಗಡ. ಆ ಮೂಲ ತತ್ವವನ್ನು ಬಿಡದವರು ಒಂದು ಕಡೆ, ಬೆನ್ನು ಕುತ್ತಿಗೆ ನೋವಿಗೆ ವ್ಯಾಯಾಮದ ಜೊತೆ ಇದನ್ನೂ ಮಾಡುವವರು ಇನ್ನೊಂದು ಕಡೆ. ಯಾರು ಯಾವ ಪಂಗಡ ಅಂತ ತಿಳಿಯಬೇಕಿದ್ದರೆ ಬಿಲ್ ನೋಡಿದರೆ ಸಾಕು ಅಂತ ನನ್ನ ಅಭಿಪ್ರಾಯ. ನೋವಿಗೆ ಮಾಡುವವ ನೋವು ಹೋದ ಮೇಲೆ ಬಿಡುತ್ತಾನೆ. ಎಲ್ಲ ರೋಗದ ಬೇರೂ ಬೆನ್ನಲ್ಲೇ ಅಂತ ನಂಬಿದವನಿಗೆ ನೋವಿಲ್ಲದ ನಿಮ್ಮ ಅತ್ತೆಯೂ ಪೇಷೆಂಟೇ, ಮುಗಿಯುವುದು ಅಂತ ಇಲ್ಲ. ಅವನು ಮೋಸ ಮಾಡುತ್ತಿದ್ದಾನೆ ಅಂತಲ್ಲ, ನಿಜವಾಗಿ ನಂಬಿರುತ್ತಾನೆ, ಅದೇ ಕಷ್ಟ.

ಕುಂಬಳೆ ಭಟ್ರು:
ಎಂತ ಮಾರಾಯ್ರೆ, ಇದೆಲ್ಲ ನಮ್ಮ ಕಳರಿಯವರು ಎಂದೋ ಮಾಡಿದ್ದು, ಬಿಳಿಯರು ಹೆಸರಿಟ್ಟು ಮಾರುವುದಷ್ಟೆ. ಗುರುಕ್ಕಳನ್ನೇ ಮುಂದುವರಿಸಿ.

ಉಪ್ಪಳ ಫಿಸಿಯೊ:
ಭಟ್ರೆ, ಅದೇ ಪ್ರಶ್ನೆ ಗುರುಕ್ಕಳಿಗೂ ಕೇಳಬೇಕು ಅಲ್ವಾ, ಫಿಸಿಯೊ ಆದ ನನಗೂ. ಎಷ್ಟು ಸಲ, ಏನು ಕಡಿಮೆ ಆಗಬೇಕು, ಆಗದಿದ್ದರೆ ಯಾರ ಹತ್ತಿರ ಕಳಿಸುತ್ತೀರಿ? ಅಮೆರಿಕದಲ್ಲಿ ಕೈರೊಪ್ರಾಕ್ಟಿಕ್‌ಗೆ ಡಿಗ್ರಿ, ರಾಜ್ಯದ ಲೈಸೆನ್ಸ್ ಎಲ್ಲ ಉಂಟು. ನಮ್ಮಲ್ಲಿ ಇದಕ್ಕೇ ಅಂತ ಒಂದು ಕೌನ್ಸಿಲ್ ಇಲ್ಲ. ಹಾಗಾಗಿ ಎಲ್ಲಿ ಕಲಿತದ್ದು ಅಂತ ನಾವೇ ಕೇಳಬೇಕು, ಸಂಕೋಚ ಬೇಡ.

ಕುತ್ತಿಗೆ ಫಕ್ಕನೆ ತಿರುಗಿಸುವುದಕ್ಕೆ ಮಾತ್ರ ಬಿಡಬೇಡಿ. ಕುತ್ತಿಗೆಯ ರಕ್ತನಾಳದ ಒಳಪದರ ಹರಿದು ಸ್ಟ್ರೋಕ್ ಆದದ್ದುಂಟು. ಅಪರೂಪ, ಆದರೆ ಸೊಂಟ ನೋವಿಗೆ ಬಂದವರ ಕುತ್ತಿಗೆಯಲ್ಲಿ ಎಂತ ಕೆಲಸ? ಮತ್ತೆ, ಕಾಲಿಗೆ ಶಕ್ತಿ ಇಲ್ಲದೆ ಆಗುವುದು, ತೊಡೆ ಸಂದಿ ಜೋಮು ಹಿಡಿಯುವುದು, ಮೂತ್ರ ತಡೆಯಲಿಕ್ಕೆ ಆಗದ್ದು ಅಥವಾ ಕಟ್ಟಿಕೊಳ್ಳುವುದು, ಇದರಲ್ಲಿ ಒಂದಿದ್ದರೂ ಯಾರ ಕೈಗೂ ಬೆನ್ನು ಕೊಡದೆ ಆ ದಿನವೇ ಆಸ್ಪತ್ರೆಗೆ.

ಬದಿಯಡ್ಕದವ:
ಅದೆಲ್ಲ ಏನೂ ಇಲ್ಲ, ಬಗ್ಗಿ ಏಳುವಾಗ ಮಾತ್ರ ನೋವು. ಪ್ಯಾಕೇಜ್ ಬೇಡ, ಒಂದೊಂದು ಸಲಕ್ಕೆ ಕೊಡುತ್ತೇವೆ ಅಂತ ಮಗನಿಂದ ಫೋನ್ ಮಾಡಿಸಿದೆ. ಹಾಗೆ ಆಗುವುದಿಲ್ಲ ಅಂದರು. ಎಕ್ಸ್‌ರೇ ವಾಪಸ್ ತಂದು ಮೊದಲು ಮೂಳೆ ಡಾಕ್ಟರಿಗೆ ತೋರಿಸುತ್ತೇವೆ. ಉಪ್ಪಳದವರೆ, ಅಷ್ಟರವರೆಗೆ ಮಾವ ಮಲಗಿಯೇ ಇರಬೇಕಾ?

ಉಪ್ಪಳ ಫಿಸಿಯೊ:
ಬೇಡ. ಮಲಗಿದಷ್ಟೂ ಬಿಗಿಯುತ್ತದೆ. ಅಂಗಳದಲ್ಲಿ ನಡೆಯಲಿ, ಬ್ಯಾರೆಲ್ ಮಾತ್ರ ಮುಟ್ಟುವುದು ಬೇಡ.