ಪುಟ್ಟಿ, ಸಿಹಿಯಾಗಿದೆ ಅಂತ ಸೋಜು ಕುಡಿಯಬೇಡ

ಪುಟ್ಟೀ, ದೊಡ್ಡಮ್ಮ ಮಾತಾಡುತ್ತಿದ್ದೇನೆ. ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಶುಕ್ರವಾರ ಆಫೀಸಿನವರೆಲ್ಲ ದಕ್ಷಿಣ ಕೊರಿಯಾದ ಸುವೊನ್ ಊರಿನ ಇಂಗ್ಯೆ-ದೊಂಗ್‌ನ ಹೊಸ ಬಾರಿಗೆ ಹೊರಟಿದ್ದಾರೆ, ಮೆನುವಿನಲ್ಲಿ ಬರೀ ಮಾಂಸ, ನಾನು ತಿನ್ನೋದೇನು, ಕಾಕ್‌ಟೇಲ್ ಬೇಡ ಅಂದರೆ ಟೀಮ್ ಲೀಡರ್ ಬೇಜಾರು ಮಾಡಿಕೊಳ್ಳುತ್ತಾರಾ ಅಂತ ಕೇಳಿದ್ದೀಯ. ಸುವೊನ್ ನಿನಗೆ ಹೊಸದು, ಭಯ ಆಗುತ್ತದೆ. ಮೊದಲು ಒಂದು ಮಾತು ಕೇಳು.

ನಾವು ಸುವೊನ್‌ನಲ್ಲಿದ್ದಾಗ ನಮ್ಮ ಮೇಲಿನ ಮನೆಯಲ್ಲಿ ಹಾಸನದ ಕಡೆಯ ಹುಡುಗ ಇದ್ದನಲ್ಲ, ದೊಡ್ಡಪ್ಪನ ಟೀಮಿನವನು. ಸೋಜು ಅಂದರೆ ಅಲ್ಲಿಯ ಸಾರಾಯಿ, 2015ರಲ್ಲಿ ಹಣ್ಣಿನ ರುಚಿಯ ಸೋಜು ಹುಚ್ಚು ಶುರುವಾಯಿತು. ಯುಜಾ ಅಂತ ನಿಂಬೆ ಜಾತಿಯ ಹಣ್ಣಿನದು ಮೊದಲು ಬಂತು, ಹಿಂದೆಯೇ ಬೇರೆ ಹಣ್ಣಿನವು. ಆ ಚಳಿಗಾಲದಲ್ಲಿ ಊಟ ಮುಗಿದ ಮೇಲೆ ಎರಡನೇ ಸುತ್ತಿಗೆ ಅಂತ ಅವನನ್ನು ಬಾರಿಗೆ ಕರೆದುಕೊಂಡು ಹೋದರು. ಅಲ್ಲಿಯವರೆಗೆ ಒಂದು ಗುಟುಕೂ ಕುಡಿದವನಲ್ಲ. ಸೋಜುಗೆ ಯಾಕುಲ್ಟ್ ತರಹದ ಸಿಹಿ ಹುದುಗು ಹಾಲಿನ ಪಾನೀಯ, ಸ್ಪ್ರೈಟ್ ಬೆರೆಸಿ ಜಗ್ಗಿನಲ್ಲಿ ಇಟ್ಟರಂತೆ. ಘಾಟಿಲ್ಲ, ಕಹಿಯಿಲ್ಲ. ಎಳನೀರಿನ ಹಾಗೆ ಕುಡಿದುಬಿಟ್ಟ. ಆಮೇಲೆ ಬಿಯರಿಗೆ ಸೋಜು ಸುರಿದು ಕೊಟ್ಟರು, ಅದೇ ಸೋಮೆಕ್. ಕೂತಿದ್ದಾಗ ಏನೂ ಗೊತ್ತಾಗಲಿಲ್ಲ. ಒಬ್ಬನೇ ನಡೆದು ಹೊರಟ, ಯಾವುದೋ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಕೂತವನು ಅಲ್ಲೇ ನಿದ್ದೆ ಹೋದ. ಸುವೊನ್ ಚಳಿ ಗೊತ್ತಲ್ಲ, ಸೊನ್ನೆಗಿಂತ ಎಷ್ಟೋ ಕೆಳಗೆ. ವಾಚ್‌ಮನ್ ಅಜ್ಜ ನೋಡಿ ನಮಗೆ ಫೋನ್ ಮಾಡಿದರು. ದೊಡ್ಡಪ್ಪ ಚಪ್ಪಲಿಯಲ್ಲೇ ಓಡಿದರು. ಹುಡುಗನ ಬೆರಳು ಮಡಚಲು ಬರುತ್ತಿರಲಿಲ್ಲ. ಇನ್ನೊಂದು ಗಂಟೆ ಆಗಿದ್ದರೆ ಏನು ಗತಿ? ಅದಕ್ಕೇ ಹೇಳುತ್ತಿರುವುದು, ಸಿಹಿಯಾಗಿದೆ ಅಂತ ಕುಡಿಯಬೇಡ.

ಮಾಮೂಲಿ ಸೋಜು ಬಾಟಲಿ 360 ಎಂಎಲ್. ಆಲ್ಕೋಹಾಲ್ ಶೇ 16ರ ಹತ್ತಿರ. ಆ ಪುಟ್ಟ ಹಸಿರು ಬಾಟಲಿ ಮೂರು ಸಣ್ಣ ಬಿಯರ್‌ಗಿಂತ ಜಾಸ್ತಿ. ಸಕ್ಕರೆ, ಹಣ್ಣಿನ ರಸ ಹಾಕಿದರೆ ನಾಲಿಗೆಗೆ ಗೊತ್ತಾಗುವುದಿಲ್ಲ ಅಷ್ಟೇ. ಇನ್ನೊಂದು ಸಲ ಹೇಳುತ್ತೇನೆ ಮಗಾ, ಸಿಹಿಯಾಗಿದೆ ಅಂತ ಕುಡಿಯಬೇಡ.

ಇದನ್ನೆಲ್ಲ ನಾನು ಆಗಲೇ ಹೇಳಿದ್ದೆ. ಯಾರು ಕೇಳಿದರು? ಗೃಹಪ್ರವೇಶಕ್ಕೆ ಊರಿಗೆ ಬಂದಾಗ ಎಲ್ಲರ ಕೈಯಲ್ಲೂ ಪಟ್ಟಿ. ಮುಖಕ್ಕೆ ಹಚ್ಚುವ ಮಾಸ್ಕ್ ತಾ, ಜಿನ್ಸೆಂಗ್ ತಾ. ಅಲ್ಲಿ ಹೇಗಿದ್ದೀರಿ, ಏನು ತಿನ್ನುತ್ತೀರಿ ಅಂತ ಒಬ್ಬರೂ ಕೇಳಲಿಲ್ಲ. ಉಪ್ಪು ಸಿಗಡಿ ಹಾಕದೆ ನಾನೇ ಕೈಯಾರೆ ಮಾಡಿದ ಕಿಮ್ಚಿ, ಅಲ್ಲಿಯ ಹುಳಿ-ಖಾರದ ಎಲೆಕೋಸಿನ ಉಪ್ಪಿನಕಾಯಿ, ತಂದಿದ್ದೆ. ವಾಸನೆ ಅಂತ ಡಬ್ಬಿಯನ್ನೇ ಹಿತ್ತಲಲ್ಲಿ ಇಟ್ಟರು. ಈಗ ಕೊರಿಯನ್ ಸೀರಿಯಲ್ ನೋಡಿ ಅದೇ ಮನೆಯವರು ರಾಮೆನ್ ತಿಂದು ಫೋಟೋ ಹಾಕುತ್ತಾರೆ. ನಮ್ಮ ಈ ಮನೆಯವರ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ನನಗೆ ಇವತ್ತಿಗೂ ನೋವಿದೆ.

ಅಯ್ಯೋ, ನೀನು ಕೇಳಿದ್ದು ತಿನ್ನೋದಕ್ಕೆ ಏನು ಅಂತ ಅಲ್ವಾ. ಗಮ್ಜಾಜೊನ್ ಇದೆಯಾ ಕೇಳು, ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಬೇಯಿಸಿದ ದೋಸೆ. ಬಿಬಿಂಬಾಪ್, ಅಂದರೆ ತರಕಾರಿ ಕಲಸುವ ಅನ್ನ, ಸಿಕ್ಕರೆ ಮಾಂಸ, ಮೊಟ್ಟೆ ಬಿಟ್ಟು ಕೊಡಿ ಅನ್ನು. ತೊಕ್ಪೊಕ್ಕಿ, ಖಾರದ ಸಾಸಿನಲ್ಲಿ ಬೇಯಿಸಿದ ಕಡುಬಿನ ತುಂಡು, ಅಕ್ಕಿಯದೇ, ಆದರೆ ಮೀನಿನ ಸಾರು, ಮೀನಿನ ತುಂಡು ಇರುತ್ತದೆ. ಕಿಮ್ಚಿಯಲ್ಲೂ ಸಾಮಾನ್ಯವಾಗಿ ಸಿಗಡಿ, ಇಲ್ಲವೇ ಮೀನಿನ ಸಾಸ್ ಇರುತ್ತದೆ. ಸುಮ್ನೆ ಖಾಲಿ ಹೊಟ್ಟೆಯಲ್ಲಿ ಕೂರಬೇಡ, ಮನೆಯಲ್ಲೇ ಸ್ವಲ್ಪ ಅನ್ನ ತಿಂದು ಹೋಗು.

ಕುಡಿಯುವುದಿಲ್ಲ ಅಂತ ಟೀಮ್ ಲೀಡರ್‌ಗೆ ಗುರುವಾರವೇ ಹೇಳು, ಎಲ್ಲರೆದುರು ಹೇಳುವುದಕ್ಕಿಂತ ಅದು ಒಳ್ಳೆಯದು. ಹಿರಿಯರು ಸುರಿದರೆ ಲೋಟ ಎರಡೂ ಕೈಯಲ್ಲಿ ಹಿಡಿ, ತುಟಿಗೆ ತಾಗಿಸಿ ಕೆಳಗಿಡು. ಲೋಟ ಖಾಲಿಯಾಗದೆ ಅಲ್ಲಿ ಮತ್ತೆ ಸುರಿಯುವುದಿಲ್ಲ, ಹಾಗಾಗಿ ತುಂಬಿದ್ದು ತುಂಬಿದ ಹಾಗೇ ಇರಲಿ. ಬಾಯಾರಿದರೆ ಚಿಲ್‌ಸಂಗ್ ಸೈಡರ್ ತರಿಸಿಕೋ, ಬರೀ ಸೋಡಾ ಅದು. ಎರಡನೇ ಸುತ್ತಿಗೆ ಹೋಗಲೇಬೇಡ. ಕಾಕಾವೊ ಆ್ಯಪಿನಲ್ಲಿ ಟ್ಯಾಕ್ಸಿ ಹಿಡಿದು ಮನೆಗೆ ಬಂದು ಮೆಸೇಜ್ ಹಾಕು. ಅಲ್ಲಿ ಹನ್ನೆರಡು ಅಂದರೆ ಇಲ್ಲಿ ಎಂಟೂವರೆ, ನಾವು ಎದ್ದೇ ಇರುತ್ತೇವೆ.