7 ಮತ್ತು 14 ಮೆಗಾಹರ್ಟ್ಸ್ ಒಂದೇ ಮನೆಯಲ್ಲಿ: ಕೋಯಾಕ್ಸ್ ಸ್ಟಬ್ ಎಷ್ಟು ಉದ್ದವಿರಬೇಕು?

ಸೋಮವಾರಪೇಟೆಯ ಹವ್ಯಾಸಿ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟದ ಸಿಲ್ವರ್ ಓಕ್ ಮರಗಳಿಗೆ ಹ್ಯಾಮ್ ರೇಡಿಯೋದ 40 ಮೀಟರ್ (7 ಮೆಗಾಹರ್ಟ್ಸ್) ಮತ್ತು 20 ಮೀಟರ್ (14 ಮೆಗಾಹರ್ಟ್ಸ್) ಬ್ಯಾಂಡ್‌ಗಳ ಎರಡು ಡೈಪೋಲ್ ತಂತಿ ಆಂಟೆನಾಗಳನ್ನು ಕಟ್ಟಿದ್ದೇವೆ. ನಾನು 7.1 ಮೆಗಾಹರ್ಟ್ಸ್‌ನಲ್ಲಿ 100 ವಾಟ್ ಪ್ರಸಾರ ಮಾಡಿದಾಗಲೆಲ್ಲ ಪಕ್ಕದ ಕೋಣೆಯಲ್ಲಿ 20 ಮೀಟರ್ ಆಲಿಸುತ್ತಿರುವ ಅಣ್ಣನ ರಿಸೀವರ್ ಪೂರ್ತಿ ಕಿವುಡಾಗುತ್ತದೆ. ನನ್ನಲ್ಲಿ ಆರ್‌ಜಿ-58 ಕೋಯಾಕ್ಸ್ ಕೇಬಲ್ ಇದೆ. ಬೇಡದ ಸಿಗ್ನಲ್ ತಡೆಯಲು ಆಂಟೆನಾ ದಾರಿಗೆ ಪಕ್ಕದಲ್ಲಿ ಜೋಡಿಸುವ ಕೇಬಲ್ ತುಂಡು, ಅಂದರೆ ಸ್ಟಬ್, ಎಷ್ಟು ಉದ್ದವಿರಬೇಕು, ಯಾರ ರಿಗ್‌ಗೆ (ರೇಡಿಯೋ ಸೆಟ್‌ಗೆ) ಜೋಡಿಸಬೇಕು?

ಮಡಿಕೇರಿಯಿಂದ:
ಮೊದಲು ರೋಗ ಯಾವುದೆಂದು ನೋಡಿ, ಸರ್. ತೊಂದರೆ 14.2ರ ಆಸುಪಾಸಿನಲ್ಲಷ್ಟೇ ಇದ್ದರೆ ಅದು ನಿಮ್ಮ ರಿಗ್‌ನ ಎರಡನೇ ಹಾರ್ಮೋನಿಕ್, ಅಂದರೆ 7.1ರ ಇಮ್ಮಡಿ ಆವರ್ತನದಲ್ಲಿ ಹೊರಡುವ ಬೇಡದ ಸಿಗ್ನಲ್. ಬ್ಯಾಂಡ್ ಪೂರ್ತಿ ಕಿವುಡಾಗುತ್ತಿದ್ದರೆ ಅಣ್ಣನವರ ರಿಸೀವರ್ ನಿಮ್ಮ 7 ಮೆಗಾಹರ್ಟ್ಸ್ ಸಿಗ್ನಲ್‌ನ ಭಾರ ತಾಳಲಾರದೆ ಸೋಲುತ್ತಿದೆ ಎಂದರ್ಥ. ಸ್ವಾರಸ್ಯವೆಂದರೆ ಎರಡಕ್ಕೂ ಬೇಕಾದ ತುಂಡಿನ ಉದ್ದ ಒಂದೇ. 7.1ರ ಕಾಲು ತರಂಗ ಗಾಳಿಯಲ್ಲಿ 10.56 ಮೀಟರ್; ಆರ್‌ಜಿ-58ರ ವೆಲಾಸಿಟಿ ಫ್ಯಾಕ್ಟರ್ (ಗಾಳಿಗೆ ಹೋಲಿಸಿದರೆ ಕೇಬಲ್‌ನಲ್ಲಿ ತರಂಗದ ವೇಗ ಎಷ್ಟು ಪಾಲು ಎಂಬುದು) 0.66 ಆದುದರಿಂದ ಕೇಬಲ್‌ನಲ್ಲಿ ಸುಮಾರು 6.97 ಮೀಟರ್. ತುದಿಯನ್ನು ಶಾರ್ಟ್ ಮಾಡಿ (ಒಳತಂತಿಯನ್ನೂ ಹೊರಗಿನ ಲೋಹದ ಹೆಣಿಗೆಯನ್ನೂ ಸೇರಿಸಿ) ಟಿ ಕನೆಕ್ಟರ್ ಮೂಲಕ ನಿಮ್ಮ ರಿಗ್‌ಗೆ ಹಾಕಿದರೆ ಅದು 7ನ್ನು ಬಿಟ್ಟು 14ನ್ನು ನುಂಗುತ್ತದೆ. ತುದಿಯನ್ನು ತೆರೆದಿಟ್ಟು ಅಣ್ಣನವರ ರಿಗ್‌ಗೆ ಹಾಕಿದರೆ 14ನ್ನು ಬಿಟ್ಟು 7ನ್ನು ನುಂಗುತ್ತದೆ. ಈ ಕೇಬಲ್‌ನಲ್ಲಿ ಸುಮಾರು 20 ಡೆಸಿಬೆಲ್, ಅಂದರೆ ನೂರರಲ್ಲಿ ಒಂದು ಪಾಲಷ್ಟೇ ಉಳಿಯುವಷ್ಟು ತಡೆ ನಿರೀಕ್ಷಿಸಬಹುದು. ನಿಮ್ಮ ವಿವರಣೆ ನೋಡಿದರೆ ಅಣ್ಣನವರ ಕಡೆಯಿಂದಲೇ ಆರಂಭಿಸುವುದು ಒಳ್ಳೆಯದು. ಆದರೆ ಬ್ಯಾಂಡ್ ಬದಲಿಸುವ ಮುನ್ನ ಸ್ಟಬ್ ಬಿಚ್ಚಲು ಮರೆಯಬೇಡಿ. ನಾನು ಒಮ್ಮೆ ಮರೆತು, ಆಂಟೆನಾ ಕಡೆಯಿಂದ ಹಿಂದಿರುಗುವ ಶಕ್ತಿಯನ್ನು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ಕೊನೆ ಮುಟ್ಟಿದಾಗ ಆಂಟೆನಾ ಬಿದ್ದಿತೆಂದು ಮಳೆಯಲ್ಲಿ ತೋಟಕ್ಕೆ ಓಡಿದ್ದೆ.

ಗೋಣಿಕೊಪ್ಪಲಿನಿಂದ:
ಮೇಲಿನ ಲೆಕ್ಕ ಸರಿ, ಆದರೆ ಕೇಬಲ್‌ನಿಂದ ಕೇಬಲ್‌ಗೆ ವೆಲಾಸಿಟಿ ಫ್ಯಾಕ್ಟರ್ ತುಸು ವ್ಯತ್ಯಾಸವಾಗುವುದರಿಂದ 7.2 ಮೀಟರ್ ಕತ್ತರಿಸಿಕೊಳ್ಳಿ. ನ್ಯಾನೋ ವಿಎನ್‌ಎ ಎಂಬ ಪುಟ್ಟ ಅಳತೆ ಉಪಕರಣದ ಎರಡು ಪೋರ್ಟ್‌ಗಳ ನಡುವೆ ಟಿ ಇಟ್ಟು, ತುದಿ ತೆರೆದ ಸ್ಟಬ್‌ನ ತಗ್ಗು (ಸಿಗ್ನಲ್ ಅತಿ ಕಡಿಮೆ ದಾಟುವ ಜಾಗ) 7.1ಕ್ಕೆ ಬರುವವರೆಗೆ ಒಂದೊಂದು ಸೆಂಟಿಮೀಟರ್ ಕತ್ತರಿಸುತ್ತ ಬನ್ನಿ. ನಿಮ್ಮ ರಿಗ್‌ಗೆ ಬೇಕಾದುದನ್ನೂ ಹೀಗೆಯೇ ತೆರೆದ ತುದಿಯಲ್ಲಿ ಅಳೆದು, ಕೊನೆಗೆ ಬೆಸುಗೆ ಹಾಕಿದರೆ ಸಾಕು. ತೆರೆದ ತುದಿಗೆ ಟೇಪ್ ಸುತ್ತಿ. ನಮ್ಮ ಮಳೆಗಾಲದ ತೇವ ಹೆಣಿಗೆಯೊಳಗೆ ಇಳಿದರೆ ಕೇಬಲ್ ಹಾಳಾಗುತ್ತದೆ.

ಸೋಮವಾರಪೇಟೆಯ ಹವ್ಯಾಸಿ:
ಇಬ್ಬರಿಗೂ ಧನ್ಯವಾದಗಳು. ಮನೆಯಲ್ಲಿ ಉಳಿದಿರುವ ಟಿವಿ ಡಿಶ್ ಕೇಬಲ್ ನಡೆಯುತ್ತದೆಯೇ?

ಗೋಣಿಕೊಪ್ಪಲಿನಿಂದ:
ನಡೆಯುತ್ತದೆ. ಸ್ಟಬ್ 75 ಓಮ್ ಆದರೂ ಅಡ್ಡಿಯಿಲ್ಲ. ಒಳಗೆ ಫೋಮ್ ಇರುವುದರಿಂದ ಉದ್ದ ಎಂಟೂವರೆ ಮೀಟರ್ ದಾಟುತ್ತದೆ. ಹೆಣಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಂ ಆಗಿರುವುದರಿಂದ ಬೆಸುಗೆ ಹಿಡಿಯುವುದಿಲ್ಲ. ತುದಿ ತೆರೆದಿಡುವ ಅಣ್ಣನವರ ಸ್ಟಬ್‌ಗೆ ಅದನ್ನು ಬಳಸಿ.